ಕೂದಲು, ಗರಿ ಮತ್ತು ನಮ್ಮ ಉಸಿರು

ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ಹರಿಯುವ ಉಲ್ಹಾಸ ನದಿಯ ಖಾಡಿಯ ಕಡೆಗೆ ಬೇಸಗೆಯ ಮಧ್ಯಾಹ್ನ ನಡೆದುಹೋದರೆ, ಕೆಸರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಮೆಲುಕು ಹಾಕುತ್ತಿರುವ ಎಮ್ಮೆಯೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಅದರ ಬೆನ್ನಿನ ಮೇಲೆ ಬೆಳ್ಳಕ್ಕಿಯೊಂದು ಕುಳಿತಿರುತ್ತದೆ. ಇಬ್ಬರ ಮೇಲೂ ಬೀಳುವ ಬಿಸಿಲು ಒಂದೇ. ಇಬ್ಬರ ದೇಹದಲ್ಲಿಯೂ ಹರಿಯುವುದು ಬಿಸಿರಕ್ತವೇ. ಆದರೂ ಒಂದು ಕೆಸರನ್ನು ಮೈಗೆ ಬಳಿದುಕೊಂಡು ಬದುಕುತ್ತಿದೆ. ಇನ್ನೊಂದು ಅದೇ ಕೆಸರಿನ ನಡುವೆ ಒಗೆದು ಇಸ್ತ್ರಿ ಮಾಡಿದ ಧೋತರದಂತೆ ಬೆಳ್ಳಗಿದೆ. ಈ ವ್ಯತ್ಯಾಸದ ಮೂಲ ಅವುಗಳ ಮೈಹೊದಿಕೆಯಲ್ಲಿದೆ. ಎಮ್ಮೆ ಸಸ್ತನಿ, ಅದಕ್ಕೆ ಕೂದಲು. ಬೆಳ್ಳಕ್ಕಿ ಪಕ್ಷಿ, ಅದಕ್ಕೆ ಗರಿ.

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೆಕ್ಕಪತ್ರದ ಮನುಷ್ಯನಾದ ನಾನು ಪ್ರಾಣಿಶಾಸ್ತ್ರದ ವಿಷಯವನ್ನು ಆರಿಸಿಕೊಂಡುದು ಏಕೆಂದು ವಾಚಕರು ಕೇಳಬಹುದು. ಕಾರಣ ನಮ್ಮೆಲ್ಲರ ಬಾಲ್ಕನಿಯಲ್ಲಿಯೇ ಇದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಪಾರಿವಾಳ ಬಂದು ಕೂರದ ಕಿಟಕಿ ಇರಲಾರದು. ಆ ಪಾರಿವಾಳದ ಗರಿಗೂ ನಮ್ಮ ಶ್ವಾಸಕೋಶಕ್ಕೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಗರಿ ಎಂದರೇನು, ಅದು ಕೂದಲಿಗಿಂತ ಹೇಗೆ ಭಿನ್ನ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಹೊದಿಕೆಯ ಅಗತ್ಯವೇ ಏನು? ಹಾವು, ಓತಿಗಳಂಥ ಜೀವಿಗಳು ಬಿಸಿಲಿನಿಂದ ಮೈ ಕಾಯಿಸಿಕೊಳ್ಳುತ್ತವೆ. ಸಸ್ತನಿಗಳೂ ಪಕ್ಷಿಗಳೂ ಹಾಗಲ್ಲ. ತಿಂದ ಆಹಾರವನ್ನು ಉರಿಸಿ ದೇಹದೊಳಗೇ ಶಾಖವನ್ನು ಉತ್ಪಾದಿಸುತ್ತವೆ. ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹಕ್ಕಿಗಳಲ್ಲಿ ಇದು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ನಮಗೆ ಅಷ್ಟಾದರೆ ತಣ್ಣೀರು ಪಟ್ಟಿ ಹಾಕಿ ವೈದ್ಯರಲ್ಲಿಗೆ ಓಡಬೇಕು. ಇಷ್ಟು ಕಷ್ಟಪಟ್ಟು ಗಳಿಸಿದ ಶಾಖ ಸೋರಿಹೋದರೆ ಜೀವಿಗೆ ನಷ್ಟ. ಸೋರಿಕೆಯನ್ನು ತಡೆಯುವ ಉಪಾಯ ಎರಡರಲ್ಲಿಯೂ ಒಂದೇ: ಚರ್ಮದ ಮೇಲೆ ಗಾಳಿಯ ಪದರವೊಂದನ್ನು ಹಿಡಿದಿಟ್ಟುಕೊಳ್ಳುವುದು. ಶಾಖವನ್ನು ತಡೆಯುವುದು ಕೂದಲೂ ಅಲ್ಲ, ಗರಿಯೂ ಅಲ್ಲ. ಅವುಗಳ ನಡುವೆ ಅಲುಗಾಡದೆ ನಿಂತ ಗಾಳಿ. ಜನವರಿಯ ಮುಂಜಾನೆ ತಂತಿಯ ಮೇಲೆ ಕುಳಿತ ಹಕ್ಕಿ ಗರಿಗೆದರಿ ಚೆಂಡಿನಂತಾಗುವುದು ಈ ಗಾಳಿಯ ಪದರವನ್ನು ದಪ್ಪಗೊಳಿಸಲು. ಬೆಕ್ಕು ತನ್ನ ತುಪ್ಪಟವನ್ನು ನಿಮಿರಿಸುವುದೂ ಇದೇ ಕಾರಣಕ್ಕೆ. ಚಳಿಯಲ್ಲಿ ನಮಗೆ ಮೈ ನವಿರೇಳುತ್ತದೆಯಷ್ಟೆ? ನವಿರು ಎಂದರೆ ಕೂದಲೇ. ಪ್ರತಿಯೊಂದು ಕೂದಲಿನ ಬುಡಕ್ಕೂ ಸಣ್ಣ ಸ್ನಾಯುವೊಂದು ಅಂಟಿಕೊಂಡಿದ್ದು, ಅದು ಬಿಗಿದಾಗ ಕೂದಲು ನೆಟ್ಟಗಾಗುತ್ತದೆ. ನಮ್ಮ ಮೈಯಲ್ಲಿ ಹಿಡಿದಿಡುವಷ್ಟು ಕೂದಲು ಉಳಿದಿಲ್ಲವಾದ್ದರಿಂದ ಈ ಶ್ರಮ ವ್ಯರ್ಥ. ಕವಿಗಳ ರೋಮಾಂಚನಕ್ಕೆ ಮಾತ್ರ ಉಪಯೋಗ.

ಕೂದಲನ್ನೂ ಗರಿಯನ್ನೂ ಕಟ್ಟಿರುವ ಪದಾರ್ಥಕ್ಕೆ ಕೆರಾಟಿನ್ ಎಂದು ಹೆಸರು. ನಮ್ಮ ಉಗುರು, ದನದ ಗೊರಸು, ಕೊಂಬಿನ ಹೊರಕವಚ, ಹಕ್ಕಿಯ ಕೊಕ್ಕಿನ ಹೊದಿಕೆ ಎಲ್ಲವೂ ಇದರಿಂದಲೇ ಆದುವು. ಆದರೆ ಸಸ್ತನಿಗಳ ಕೂದಲಿನ ಕೆರಾಟಿನ್ ಸುರುಳಿಯಾಕಾರದ ಅಣುಗಳದು. ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಗರಿಯದು ಬೇರೊಂದು ಬಗೆಯ, ಸರೀಸೃಪಗಳ ಚಿಪ್ಪಿಗೆ ಹತ್ತಿರವಾದ, ಹೆಚ್ಚು ಬಿರುಸಾದ ಕೆರಾಟಿನ್. ಹಗುರವಾಗಿಯೂ ಗಟ್ಟಿಯಾಗಿಯೂ ಇರಬೇಕಾದ ಗರಿಗೆ ಇದೇ ತಕ್ಕದ್ದು.

ಇನ್ನು ರಚನೆಯ ವಿಚಾರ. ಕೂದಲು ಸರಳವಾದ ವಸ್ತು. ಚರ್ಮದೊಳಗೆ ಇಳಿದಿರುವ ರೋಮಕೂಪವೆಂಬ ಕುಳಿಯ ತಳದಲ್ಲಿ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹಳೆಯವು ಮೇಲಕ್ಕೆ ತಳ್ಳಲ್ಪಟ್ಟು, ಕೆರಾಟಿನ್ ತುಂಬಿ, ಸತ್ತು, ಒಂದರ ಮೇಲೊಂದು ಸೇರಿ ಎಳೆಯಾಗಿ ಹೊರಬರುತ್ತವೆ. ನಮ್ಮ ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವುದು ಬುಡದಲ್ಲಿ, ಆದ್ದರಿಂದಲೇ ಕ್ಷೌರಿಕನ ಕತ್ತರಿಯಿಂದ ಕೂದಲಿಗೆ ಏನೂ ಹಾನಿಯಿಲ್ಲ. ಬಡ್ಡಿಯನ್ನು ತೆಗೆದುಕೊಂಡರೂ ಅಸಲು ಒಳಗೆ ಸುರಕ್ಷಿತವಾಗಿರುವ ಠೇವಣಿಯಂತೆ.

ಗರಿ ಹಾಗಲ್ಲ. ಅದೊಂದು ಪೂರ್ಣಗೊಂಡ ಕಟ್ಟಡ. ಕನ್ನಡಿಗರಿಗೆ ಅದರ ರಚನೆಯನ್ನು ವಿವರಿಸುವುದು ಸುಲಭ, ಏಕೆಂದರೆ ನಾವು ತೆಂಗಿನ ಎಲೆಯನ್ನೂ ಗರಿಯೆಂದೇ ಕರೆಯುತ್ತೇವೆ. ಹೀಗೆ ಕರೆದ ಹಿರಿಯರ ಕಣ್ಣು ಸೂಕ್ಷ್ಮವಾದುದು. ನಡುವೆ ಗಟ್ಟಿಯಾದ ದಂಟು, ಎರಡು ಬದಿಗಳಲ್ಲಿ ಸಾಲಾಗಿ ಎಳೆಗಳು. ಆದರೆ ತೆಂಗಿನ ಗರಿಯಲ್ಲಿ ಎಳೆಗಳು ಬಿಡಿಬಿಡಿಯಾಗಿ ಗಾಳಿಗೆ ತೂಗುತ್ತವೆ. ಹಕ್ಕಿಯ ಗರಿಯಲ್ಲಿ ಪ್ರತಿಯೊಂದು ಎಳೆಗೂ ಮತ್ತೆ ಎರಡು ಬದಿಗಳಲ್ಲಿ ಕಿರಿಯೆಳೆಗಳಿದ್ದು, ಒಂದು ಬದಿಯ ಕಿರಿಯೆಳೆಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ. ಇವು ಪಕ್ಕದ ಎಳೆಯ ಕಿರಿಯೆಳೆಗಳಿಗೆ ಸಿಕ್ಕಿಕೊಂಡು ಇಡೀ ಗರಿಯನ್ನು ಒಂದು ಹಾಳೆಯನ್ನಾಗಿ ಮಾಡುತ್ತವೆ. ನೆಲಕ್ಕೆ ಬಿದ್ದ ಕಾಗೆಯ ಗರಿಯೊಂದನ್ನು ನಡುವೆ ಸೀಳಿ, ಬಳಿಕ ಬುಡದಿಂದ ತುದಿಯ ಕಡೆಗೆ ಬೆರಳಿನಿಂದ ಸವರಿದರೆ ಅದು ಮತ್ತೆ ಕೂಡಿಕೊಳ್ಳುತ್ತದೆ, ಚೀಲದ ಜಿಪ್ ಎಳೆದಂತೆ. ಮಕ್ಕಳಿಗೆ ಇದನ್ನು ತೋರಿಸಬಹುದು. ತೋರಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಸಬೇಕು. ಹಕ್ಕಿ ದಿನದ ಎಷ್ಟೋ ಹೊತ್ತು ಕೊಕ್ಕಿನಿಂದ ಗರಿ ತೀಡುತ್ತ ಕೂರುವುದು ಶೃಂಗಾರಕ್ಕಲ್ಲ. ಬಿಚ್ಚಿಹೋದ ಕೊಕ್ಕೆಗಳನ್ನು ಮತ್ತೆ ಹಾಕಿಕೊಳ್ಳುವುದಕ್ಕೆ.

ಹೀಗೆ ಕಟ್ಟಿ ಮುಗಿದ ಗರಿ ಸತ್ತ ವಸ್ತು, ಮತ್ತೆ ಬೆಳೆಯುವುದಿಲ್ಲ. ಕತ್ತರಿಸಿದರೆ ಕತ್ತರಿಸಿದಂತೆಯೇ ಇರುತ್ತದೆ, ಅದು ಉದುರಿ ಹೊಸದು ಬರುವ ತನಕ. ಸವೆದ ಗರಿಗಳನ್ನು ಹಕ್ಕಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ ಬದಲಾಯಿಸಿಕೊಳ್ಳುತ್ತವೆ. ಹಾರುವ ಹಕ್ಕಿ ಈ ಕೆಲಸವನ್ನು ಬಹಳ ಎಚ್ಚರದಿಂದ ಮಾಡಬೇಕಾಗುತ್ತದೆ. ಎಡರೆಕ್ಕೆಯ ಒಂದು ಗರಿ ಉದುರಿದರೆ ಬಲರೆಕ್ಕೆಯ ಅದೇ ಸ್ಥಾನದ ಗರಿಯೂ ಹೆಚ್ಚುಕಡಮೆ ಅದೇ ವೇಳೆಗೆ ಉದುರುತ್ತದೆ. ಜಮೆ ಮತ್ತು ಖರ್ಚು ಎರಡೂ ಬದಿಗಳು ಸರಿಹೊಂದಲೇಬೇಕು. ಇಲ್ಲವಾದರೆ ಹಕ್ಕಿ ಒಂದು ಬದಿಗೆ ವಾಲುತ್ತದೆ. ಬಾತುಕೋಳಿಗಳದು ಬೇರೆ ಪದ್ಧತಿ. ಅವು ಹಾರುವ ಗರಿಗಳನ್ನೆಲ್ಲ ಒಮ್ಮೆಗೇ ಉದುರಿಸಿ ಕೆಲವು ವಾರಗಳ ಕಾಲ ಹಾರಲಾರದೆ ನೀರಿನಲ್ಲಿಯೇ ಅಡಗಿರುತ್ತವೆ.

ಗರಿ ಉದುರುವ ಮಾತು ಬಂದುದರಿಂದ ನಮ್ಮ ಕೂದಲು ಉದುರುವ ಮಾತನ್ನೂ ಇಲ್ಲಿಯೇ ಮುಗಿಸುವುದು ಒಳ್ಳೆಯದು. ಊರಿನಿಂದ ಹೊಸದಾಗಿ ಬಂದವರೆಲ್ಲ ಹೇಳುವ ಮಾತೊಂದಿದೆ: ಇಲ್ಲಿಯ ನೀರು ಸರಿಯಿಲ್ಲ, ಕೂದಲು ಉದುರುತ್ತದೆ. ಪಾಪ, ನೀರಿನ ಮೇಲೆ ಎಷ್ಟೊಂದು ಆರೋಪ! ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿದ್ದು, ಪ್ರತಿಯೊಂದೂ ಕೆಲವು ವರ್ಷಗಳ ಕಾಲ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ, ಬಳಿಕ ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ 50ರಿಂದ 100ರವರೆಗೆ ಉದುರುವುದು ಸಹಜ. ಡೆಂಗ್ಯೂ, ಟೈಫಾಯ್ಡ್, ಕೋವಿಡ್‌ನಂಥ ತೀವ್ರ ಜ್ವರ ಬಂದು ಹೋದ ಎರಡು ಮೂರು ತಿಂಗಳ ಮೇಲೆ, ಅಥವಾ ಹೆರಿಗೆಯ ಅನಂತರ, ಬಹಳಷ್ಟು ಕೂದಲುಗಳು ಏಕಕಾಲದಲ್ಲಿ ವಿಶ್ರಾಂತಿಗೆ ಸರಿದು ಹಿಡಿಹಿಡಿಯಾಗಿ ಉದುರುತ್ತವೆ. ನಡುವೆ ಎರಡು ತಿಂಗಳು ಕಳೆದಿರುವುದರಿಂದ ಜ್ವರ ಮರೆತುಹೋಗಿರುತ್ತದೆ, ನೀರು ನೆನಪಾಗುತ್ತದೆ. ಇಂಥ ಉದುರುವಿಕೆ ಬಹುಮಟ್ಟಿಗೆ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಬಿಲ್ಲೆಬಿಲ್ಲೆಯಾಗಿ ಉದುರಿದರೆ ಅಥವಾ ನಿಲ್ಲದೆ ಮುಂದುವರಿದರೆ ಮಾತ್ರ ಚರ್ಮತಜ್ಞರನ್ನು ಕಾಣಬೇಕು.

ಮಳೆಯ ವಿಷಯದಲ್ಲಿ ಎರಡು ಹೊದಿಕೆಗಳೂ ಹಿಡಿದಿರುವ ದಾರಿಗಳು ಬೇರೆ ಬೇರೆ. ಸಸ್ತನಿಯ ಪ್ರತಿಯೊಂದು ರೋಮಕೂಪದ ಪಕ್ಕದಲ್ಲಿಯೂ ಸಣ್ಣ ಎಣ್ಣೆಯ ಗ್ರಂಥಿಯೊಂದಿದ್ದು ಕೂದಲಿಗೆ ಜಿಡ್ಡು ಸವರುತ್ತದೆ. ಕುರಿಯ ಉಣ್ಣೆಯಲ್ಲಿ ಈ ಜಿಡ್ಡು ಹೇರಳ. ನಮ್ಮ ಕುರುಬರು ನೇಯ್ದ ಕರಿ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಮುಂಗಾರಿನಲ್ಲಿ ಗದ್ದೆಗೆ ಇಳಿದವರಿಗೆ ಇದರ ಬೆಲೆ ಗೊತ್ತು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಒದ್ದೆಯೆನಿಸುವುದಿಲ್ಲ. ಹಕ್ಕಿಗೆ ಮೈತುಂಬ ಎಣ್ಣೆಯ ಗ್ರಂಥಿಗಳಿಲ್ಲ. ಬಹುತೇಕ ಹಕ್ಕಿಗಳಿಗೆ ಬಾಲದ ಬುಡದಲ್ಲಿ ಒಂದೇ ಒಂದು ದೊಡ್ಡ ಗ್ರಂಥಿ. ಅದರಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಗರಿಗಳಿಗೆ ಹಚ್ಚಿಕೊಳ್ಳುತ್ತವೆ. ಅಲ್ಲದೆ ಹೊರಗರಿಗಳು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುವುದರಿಂದ ನೀರು ಜಾರಿಹೋಗುತ್ತದೆ. ಹೆಂಚಿನ ಕೆಳಗೆ ಬೆಚ್ಚನೆಯ ಅಟ್ಟದಂತೆ ಮೃದುವಾದ ತುಪ್ಪಳಗರಿಗಳ ಪದರವಿರುತ್ತದೆ. ನೀರುಕಾಗೆ ಮಾತ್ರ ಇದಕ್ಕೆ ಅಪವಾದ. ಅದರ ಹೊರಗರಿಗಳು ನೀರಿನಲ್ಲಿ ತೋಯುತ್ತವೆ. ಆದ್ದರಿಂದ ಮುಳುಗಿ ಮೀನು ಹಿಡಿಯುವುದು ಅದಕ್ಕೆ ಸುಲಭ. ದಡಕ್ಕೆ ಬಂದ ಮೇಲೆ ರೆಕ್ಕೆ ಹರಡಿಕೊಂಡು ಒಣಗಿಸುತ್ತ ನಿಲ್ಲಬೇಕಾಗುತ್ತದೆ, ಅಷ್ಟೆ.

ಸೆಕೆಯ ಲೆಕ್ಕವೇ ಬೇರೆ. ಸಸ್ತನಿಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳುಂಟು. ಮನುಷ್ಯನಲ್ಲಿ ಇವುಗಳ ಸಂಖ್ಯೆ 20ರಿಂದ 40 ಲಕ್ಷ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕಲ್ಯಾಣದಿಂದ ಹೊರಟವರಿಗೆ ಘಾಟ್‌ಕೋಪರ್ ತಲುಪುವ ಮೊದಲೇ ಇದರ ಅನುಭವವಾಗುತ್ತದೆ. ಎಮ್ಮೆಗೆ ದನದಷ್ಟು ಬೆವರಿನ ಗ್ರಂಥಿಗಳಿಲ್ಲ, ಕರು ಹುಟ್ಟಿದಾಗ ಮೈತುಂಬ ಇದ್ದ ಕೂದಲೂ ಬೆಳೆದಂತೆ ವಿರಳವಾಗುತ್ತದೆ, ಚರ್ಮವೋ ಕಪ್ಪು. ಬಿಸಿಲನ್ನು ತಡೆಯಲು ಕೆಸರೇ ಗತಿ. ಹಕ್ಕಿಗಳಿಗಂತೂ ಬೆವರಿನ ಗ್ರಂಥಿಗಳೇ ಇಲ್ಲ. ಮೇ ತಿಂಗಳಲ್ಲಿ ಸ್ಟೇಷನ್ನಿನ ಛಾವಣಿಯ ಮೇಲೆ ಕಾಗೆ ಬಾಯಿ ತೆರೆದುಕೊಂಡು ಕುಳಿತಿರುವುದು ಬಾಯಾರಿಕೆಯಿಂದಲೇ ಎಂದು ತಿಳಿಯಬಾರದು. ಬಾಯಿಯ ತೇವವನ್ನು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳುತ್ತಿದೆ.

ಬಣ್ಣದ ವಿಷಯದಲ್ಲಿ ಮಾತ್ರ ಸಸ್ತನಿಗಳು ಬಡವರೆಂದೇ ಹೇಳಬೇಕು. ಕೂದಲಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ಒಂದೇ ಜಾತಿಯ ವರ್ಣದ್ರವ್ಯ. ಅದರಿಂದ ಕಪ್ಪು, ಕಂದು, ಕೆಂಚು, ಹಳದಿ ಬರಬಹುದು, ಅದಿಲ್ಲದಿದ್ದರೆ ಬಿಳಿ. ಹಸುರು ಕುದುರೆಯಾಗಲಿ ನೀಲಿ ಬೆಕ್ಕಾಗಲಿ ಕಥೆಗಳಲ್ಲಿ ಮಾತ್ರ. ಗರಿಗೆ ಇನ್ನೂ ಎರಡು ಸಂಪತ್ತುಗಳಿವೆ. ಒಂದು, ತಿಂದ ಆಹಾರದ ಬಣ್ಣ. ಠಾಣೆ ಖಾಡಿಗೆ ಚಳಿಗಾಲದಲ್ಲಿ ಬರುವ ರಾಜಹಂಸಗಳ, ಅಂದರೆ ಫ್ಲೆಮಿಂಗೋಗಳ ಗುಲಾಬಿ ಬಣ್ಣ ಅವು ತಿನ್ನುವ ಪಾಚಿ ಮತ್ತು ಸಣ್ಣ ಸಿಗಡಿಗಳಿಂದ ಬಂದುದು. ಮರಿಗಳು ಬೂದು ಬಣ್ಣದವು; ಇದೇ ಆಹಾರವನ್ನು ತಿಂದು ವರ್ಷಗಳು ಕಳೆದಂತೆ ಗುಲಾಬಿಯಾಗುತ್ತವೆ. ಈ ಖಾಡಿಯ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ಇಷ್ಟು ಹತ್ತಿರದಲ್ಲಿದ್ದೂ ನೋಡದವರು ನಮ್ಮಲ್ಲಿ ಬಹಳ ಮಂದಿ. ಎರಡನೆಯ ಸಂಪತ್ತು, ಬೆಳಕಿನ ಆಟ. ನಮ್ಮ ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ನೀಲಿಯಾಗಲಿ, ನವಿಲಿನ ನೀಲಿಯಾಗಲಿ ನೀಲಿ ದ್ರವ್ಯದಿಂದ ಬಂದುದಲ್ಲ. ಗರಿಯ ಒಳರಚನೆ ಬೆಳಕನ್ನು ಒಡೆದು ನೀಲಿಯನ್ನು ಮಾತ್ರ ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ. ನವಿಲುಗರಿಯನ್ನು ಅರೆದು ಪುಡಿ ಮಾಡಿದರೆ ಸಿಗುವುದು ಮಂಕು ಕಂದು ಬಣ್ಣದ ಹುಡಿಯೇ ಹೊರತು ನೀಲಿಯಲ್ಲ.

ಈ ಗರಿ ಪಕ್ಷಿಗಳಿಗೆ ಬಂದುದು ಎಲ್ಲಿಂದ? ಜರ್ಮನಿಯ ಸುಣ್ಣಕಲ್ಲಿನ ಗಣಿಗಳಲ್ಲಿ 1861ರಲ್ಲಿ ಗರಿಯ ಗುರುತುಗಳಿದ್ದ, ಹಲ್ಲಿಯಂತೆ ಉದ್ದನೆಯ ಎಲುಬಿನ ಬಾಲವೂ ಇದ್ದ ಪ್ರಾಣಿಯ ಅವಶೇಷ ಬೆಳಕಿಗೆ ಬಂತು. ಚೀನಾದಲ್ಲಿ 1996ರಲ್ಲಿ ಹಾರಲಾರದ ಡೈನೋಸಾರ್ ಒಂದರ ಮೈಮೇಲೆ ಎಳೆಎಳೆಯಾದ ತುಪ್ಪಳ ಕಂಡುಬಂತು. ಗರಿ ಹುಟ್ಟಿದುದು ಹಾರುವುದಕ್ಕಲ್ಲ. ಬಹುಶಃ ಬೆಚ್ಚಗಿರುವುದಕ್ಕೆ, ಹಾರಾಟ ಬಂದುದು ಬಳಿಕ. ಇಂದು ಜೀವಿಸಿರುವ ಪ್ರಾಣಿಗಳಲ್ಲಿ ಗರಿಯಿರುವುದು ಪಕ್ಷಿಗಳಿಗೆ ಮಾತ್ರ. ಬಾವಲಿ ಹಾರಿದರೂ ಅದಕ್ಕೆ ಗರಿಯಿಲ್ಲ. ಬೆರಳುಗಳ ನಡುವೆ ಹಿಗ್ಗಿದ ಚರ್ಮವೇ ರೆಕ್ಕೆ, ಮೈಮೇಲೆ ತುಪ್ಪಟ, ಮರಿಗೆ ಮೊಲೆಹಾಲು. ಮುಳ್ಳುಹಂದಿಯ ಮುಳ್ಳು ದಪ್ಪಗಾದ ಕೂದಲು. ತಿಮಿಂಗಿಲಗಳಲ್ಲಿಯೂ ಜೀವನದ ಯಾವುದೋ ಒಂದು ಘಟ್ಟದಲ್ಲಿ ನಾಲ್ಕಾರು ಕೂದಲುಗಳಾದರೂ ಇರುತ್ತವೆ.

ಈಗ ಬಾಲ್ಕನಿಗೆ ಬರೋಣ.

ಗರಿಗಳಲ್ಲಿ ಹಲವು ಬಗೆಗಳುಂಟು. ಹಾರುವ ಗರಿ, ಹೊದಿಕೆಯ ಗರಿ, ತುಪ್ಪಳಗರಿಗಳಲ್ಲದೆ ಕೆಲವು ಹಕ್ಕಿಗಳಲ್ಲಿ ಹುಡಿಗರಿಯೆಂದು ಕರೆಯಬಹುದಾದ ವಿಶೇಷ ಗರಿಗಳಿವೆ. ಬೆಳ್ಳಕ್ಕಿಯ ಜಾತಿ, ಗಿಳಿಯ ಜಾತಿ, ಪಾರಿವಾಳ ಇವುಗಳಲ್ಲಿ ಇದು ಎದ್ದುಕಾಣುತ್ತದೆ. ಈ ಗರಿಗಳಿಂದ ನಯವಾದ ಬಿಳಿಯ ಹುಡಿ ಸದಾ ಉದುರುತ್ತದೆ. ಹಕ್ಕಿ ಅದನ್ನು ಮೈಗೆಲ್ಲ ಹರಡಿಕೊಂಡು ಗರಿಗಳನ್ನು ನೀರಿನಿಂದ ರಕ್ಷಿಸಿಕೊಳ್ಳುತ್ತದೆ. ನಾವು ಪೌಡರ್ ಹಚ್ಚಿಕೊಂಡಂತೆಯೇ ಎನ್ನಿ. ಪಾರಿವಾಳವೊಂದು ಕಿಟಕಿಯ ಗಾಜಿಗೆ ಬಡಿದು ಹಾರಿಹೋದ ಮೇಲೆ ಗಾಜಿನ ಮೇಲೆ ರೆಕ್ಕೆ, ತಲೆಗಳ ಬಿಳಿಯ ಅಚ್ಚು ಮೂಡಿರುವುದನ್ನು ಅನೇಕರು ನೋಡಿರಬಹುದು. ಆ ಅಚ್ಚು ಈ ಹುಡಿಯದೇ.

ಹುಡಿಯ ಒಂದೊಂದು ಕಣ ಸುಮಾರು ಒಂದು ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಸಸ್ತನಿಯ ಕೂದಲಿಗೂ ಪಾರಿವಾಳದ ಗರಿಗೂ ನಮ್ಮ ಆರೋಗ್ಯದ ದೃಷ್ಟಿಯಿಂದ ಇರುವ ದೊಡ್ಡ ವ್ಯತ್ಯಾಸ ಈ ಅಂಕಿಗಳಲ್ಲಿದೆ. ಕೂದಲು ಉದುರಿದರೆ ನೆಲಕ್ಕೆ ಬೀಳುತ್ತದೆ, ಪೊರಕೆಗೆ ಸಿಗುತ್ತದೆ, ಮೂಗಿಗೆ ಹೋದರೂ ಮೂಗಿನ ಕೂದಲೇ ಅದನ್ನು ತಡೆಯುತ್ತದೆ. ಹುಡಿ ಹಾಗಲ್ಲ. ಗಾಳಿಯಲ್ಲಿ ತೇಲುತ್ತದೆ, ಮೂಗನ್ನೂ ಗಂಟಲನ್ನೂ ದಾಟುತ್ತದೆ, ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅದರೊಂದಿಗೆ ಹಕ್ಕಿಯ ದೇಹದ ಪ್ರೋಟೀನುಗಳೂ ಒಣಗಿ ಧೂಳಾದ ಹಿಕ್ಕೆಯ ಪ್ರೋಟೀನುಗಳೂ ಒಳಸೇರುತ್ತವೆ.

ಬೆಕ್ಕು ನಾಯಿಗಳಿಂದ ತೊಂದರೆಯಿಲ್ಲವೆಂದು ಇದರ ಅರ್ಥವಲ್ಲ. ಬೆಕ್ಕಿನಿಂದ ಸೀನು, ಕಣ್ಣುರಿ, ಉಬ್ಬಸ ಬರುವವರಿದ್ದಾರೆ. ಅಲ್ಲಿಯೂ ಕೂದಲು ನಿಜವಾದ ಅಪರಾಧಿಯಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳ ಒಂದು ಪ್ರೋಟೀನ್ ಅದಕ್ಕೆ ಕಾರಣ. ಆದರೆ ಆ ತೊಂದರೆ ಬೆಕ್ಕು ಬಳಿ ಬಂದೊಡನೆ ಗೊತ್ತಾಗುತ್ತದೆ. ಜನ ದೂರ ಸರಿಯುತ್ತಾರೆ. ಪಾರಿವಾಳದ ಹುಡಿಯ ಪರಿಣಾಮ ಬಹಳ ನಿಧಾನ. ಎಚ್ಚರಿಕೆಯ ನೋಟೀಸು ಬರುವ ಹೊತ್ತಿಗೆ ಅಸಲೇ ಕರಗಿರುತ್ತದೆ.

ವೈದ್ಯರು ಈ ಕಾಯಿಲೆಯನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎನ್ನುತ್ತಾರೆ. ಪಾರಿವಾಳ ಸಾಕುವವರಲ್ಲಿ ಇದು ಕಂಡುಬಂದುದನ್ನು 1965ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಳಹೊಕ್ಕ ಪ್ರೋಟೀನನ್ನು ಶತ್ರುವೆಂದು ಬಗೆದ ದೇಹದ ರಕ್ಷಣಾ ವ್ಯವಸ್ಥೆ ಗಾಳಿಗೂಡುಗಳ ಸುತ್ತ ಉರಿಯೂತವನ್ನು ಉಂಟುಮಾಡುತ್ತದೆ. ಒಮ್ಮೆಗೇ ಬಹಳ ಧೂಳು ಸೇರಿದಾಗ ನಾಲ್ಕರಿಂದ ಎಂಟು ಗಂಟೆಗಳ ಮೇಲೆ ಜ್ವರ, ಚಳಿ, ಕೆಮ್ಮು, ಏದುಸಿರು ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಫ್ಲೂ ಎಂದುಕೊಂಡು ಸುಮ್ಮನಾಗುತ್ತೇವೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ದಮ್ಮು, ಆಯಾಸ, ತೂಕ ಇಳಿಯುವಿಕೆ. ಕೊನೆಗೆ ಸ್ಪಂಜಿನಂತಿದ್ದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ.

ಇದು ಅಪರೂಪದ ಕಾಯಿಲೆಯೆಂದು ತಳ್ಳಿಹಾಕುವಂತಿಲ್ಲ. ಭಾರತದ 19 ನಗರಗಳ 27 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಅಂಗಾಂಶದ ಕಾಯಿಲೆಗಳಿಂದ ಬಳಲುತ್ತಿದ್ದ 1,084 ರೋಗಿಗಳ ಪಟ್ಟಿಯೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 47 ಮಂದಿಗೆ ಇದ್ದುದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಎಲ್ಲದಕ್ಕೂ ಹಕ್ಕಿಗಳೇ ಕಾರಣವಲ್ಲ. ಶುಚಿಮಾಡದ ಏರ್ ಕೂಲರುಗಳ ಶಿಲೀಂಧ್ರದ ಪಾತ್ರ ಅದರಲ್ಲಿ ದೊಡ್ಡದಾಗಿತ್ತು. ಆದರೆ ಹಕ್ಕಿಗಳ ಪಾತ್ರ ಅಲಕ್ಷಿಸುವಂಥದಲ್ಲ. ಪಾರಿವಾಳಗಳ ಬಳಿ ಇರುವವರೆಲ್ಲರಿಗೂ ಕಾಯಿಲೆ ಬರುತ್ತದೆಂದೂ ಹೇಳಲಾಗದು. ಒಂದೇ ಮನೆಯ ನಾಲ್ವರಲ್ಲಿ ಒಬ್ಬರಿಗೆ ಬಂದು ಮೂವರು ಚೆನ್ನಾಗಿಯೇ ಇರಬಹುದು. ಯಾರಿಗೆ ಬರುತ್ತದೆಂದು ಮೊದಲೇ ತಿಳಿಯದಿರುವುದೇ ಇದರಲ್ಲಿಯ ಅಪಾಯ.

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಕಾಕಾ ಎನ್ನುತ್ತೇವೆ. ನಿವೃತ್ತರಾದಂದಿನಿಂದ ಪ್ರತಿದಿನ ಸ್ನಾನವಾದ ಮೇಲೆ ಬಾಲ್ಕನಿಯಲ್ಲಿ ಒಂದು ಬೊಗಸೆ ಜೋಳ ಚೆಲ್ಲುವುದು ಅವರ ನಿಯಮವಾಗಿತ್ತು. ಎರಡು ವರ್ಷಗಳ ಹಿಂದೆ ಒಣಕೆಮ್ಮು ಶುರುವಾಯಿತು. ಕಷಾಯ, ಸಿರಪ್ಪು, ಮಾತ್ರೆ ಎಲ್ಲ ಆದುವು. ಕ್ಷಯವಿರಬಹುದೆಂದು ಕಫ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಎರಡನೆಯ ಮಹಡಿಯ ಮನೆಗೆ ನಡುವೆ ಒಮ್ಮೆ ನಿಂತು ಹತ್ತುವಂತಾಯಿತು. ಕೊನೆಗೆ ಶ್ವಾಸಕೋಶದ ತಜ್ಞರೊಬ್ಬರು ಎದೆಯ ಸಿ.ಟಿ. ಸ್ಕ್ಯಾನ್ ನೋಡಿ ಕೇಳಿದ ಮೊದಲ ಪ್ರಶ್ನೆ, ಮನೆಯ ಹತ್ತಿರ ಪಾರಿವಾಳಗಳಿವೆಯೇ ಎಂದು. "ನಲವತ್ತು ಐವತ್ತು ಬರ್ತಾವ್ರೀ, ನಾನ ಕಾಳು ಹಾಕತೀನಲ್ರೀ" ಎಂದರಂತೆ ಕಾಕಾ, ಸ್ವಲ್ಪ ಹೆಮ್ಮೆಯಿಂದಲೇ. ಔಷಧಿಯಿಂದ ಉರಿಯೂತ ಇಳಿದಿದೆ. ಗಟ್ಟಿಯಾದ ಭಾಗ ಹಾಗೆಯೇ ಉಳಿದಿದೆ. ಬಾಲ್ಕನಿಗೆ ಬಲೆ ಬಂದಿದೆ. ಬೆಳಿಗ್ಗೆ ಹಕ್ಕಿಗಳು ಹಳೆಯ ರೂಢಿಯಂತೆ ಬಂದು ಬಲೆಯ ಹೊರಗೆ ಕುಳಿತು ಇಣುಕುತ್ತವೆ. ಆ ಹೊತ್ತಿಗೆ ಕಾಕಾ ಒಳಗಿನ ಕೋಣೆಗೆ ಹೋಗಿಬಿಡುತ್ತಾರೆ.

ಪಾರಿವಾಳವನ್ನು ಖಳನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಅದರ ಪೂರ್ವಜರು ಕಡಿದಾದ ಬಂಡೆಗಳ ಸಂದುಗಳಲ್ಲಿ ಗೂಡು ಕಟ್ಟುತ್ತಿದ್ದವು. ಇಪ್ಪತ್ತು ಮಹಡಿಯ ಕಟ್ಟಡ ಅದರ ಕಣ್ಣಿಗೆ ಒಂದು ಬಂಡೆ; ಏರ್ ಕಂಡೀಶನರಿನ ಹೊರಪೆಟ್ಟಿಗೆಯ ಹಿಂಬದಿ ಒಂದು ಸಂದು. ಊರಿನಲ್ಲಿ ಕೋಟೆಯ ಬುರುಜಿನಲ್ಲಿಯೂ ಗುಡಿಯ ಗೋಪುರದಲ್ಲಿಯೂ ಇದ್ದ ಹಕ್ಕಿಗೂ ನಮಗೂ ನಡುವೆ ಬಯಲಿತ್ತು, ಗಾಳಿಯಿತ್ತು. ಇಲ್ಲಿ ಅದರ ಗೂಡಿಗೂ ನಮ್ಮ ದಿಂಬಿಗೂ ನಡುವೆ ಇರುವುದು ಒಂದು ಗಾಜಿನ ಹಲಗೆ. ಮುಂಬಯಿಯ 51 ಕಬೂತರ್‌ಖಾನಾಗಳನ್ನು ಮುಚ್ಚುವಂತೆ 2025ರ ಜುಲೈಯಲ್ಲಿ ಸರಕಾರ ಸೂಚಿಸಿತು. ವಿಷಯ ಬಾಂಬೆ ಹೈಕೋರ್ಟಿನ ಕಟ್ಟೆ ಏರಿತು. ದಾದರ್‌ನಲ್ಲಿ ಪ್ರತಿಭಟನೆಗಳೂ ನಡೆದುವು. ಕಾಳು ಹಾಕುವವರ ಭೂತದಯೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ದಯೆಯ ಖರ್ಚನ್ನು ಪಕ್ಕದ ಮನೆಯ ಉಬ್ಬಸದ ಮಗುವಿನ ಖಾತೆಗೆ ಬರೆಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. ಕಿಟಕಿಯಲ್ಲಿ, ಬಾಲ್ಕನಿಯಲ್ಲಿ ಕಾಳು ಹಾಕುವುದನ್ನು ನಿಲ್ಲಿಸಬೇಕು. ಒಣಗಿದ ಹಿಕ್ಕೆಯನ್ನು ಎಂದಿಗೂ ಪೊರಕೆಯಿಂದ ಗುಡಿಸಬಾರದು. ಗುಡಿಸಿದರೆ ಹುಡಿಯೆಲ್ಲ ಎದ್ದು ನೇರವಾಗಿ ಮೂಗಿಗೆ ಬರುತ್ತದೆ. ಕೋಣೆಯ ಕಡೆಯ ಬಾಗಿಲು ಮುಚ್ಚಿ, ಎನ್-95 ಮಾಸ್ಕ್ ಮತ್ತು ಕೈಗವಸು ಧರಿಸಿ, ಸಾಬೂನಿನ ನೀರು ಚಿಮುಕಿಸಿ ಚೆನ್ನಾಗಿ ನೆನೆಸಿದ ಮೇಲೆ ಒದ್ದೆಯಾಗಿಯೇ ಬಳಿದು ತೆಗೆಯಬೇಕು. ಈ ಕೆಲಸವನ್ನು ಮನೆಗೆಲಸದ ಬಾಯಿಯ ಮೇಲೆ ಹಾಕಿ ನಾವು ಒಳಗೆ ಕುಳಿತರೆ ಸಾಲದು. ಅವರಿಗೂ ಮಾಸ್ಕ್ ಬೇಕು. ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವೂ ಬೆಳೆಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಮಾರಕವಾಗಬಲ್ಲದು. ಆದ್ದರಿಂದ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಕೆಲಸಕ್ಕೆ ಕೈಹಾಕಲೇಬಾರದು.

ಎರಡು ಮೂರು ವಾರಗಳಿಗೆ ಮೀರಿ ಒಣಕೆಮ್ಮು ಇದ್ದರೆ ಅಥವಾ ಮೆಟ್ಟಿಲು ಹತ್ತಲು ಹೊಸದಾಗಿ ಕಷ್ಟವಾಗತೊಡಗಿದರೆ ವೈದ್ಯರಲ್ಲಿಗೆ ಹೋಗಬೇಕು. ಹೋದಾಗ ಅವರು ಕೇಳದಿದ್ದರೂ ಪಾರಿವಾಳ, ಗಿಳಿ, ಗರಿ ತುಂಬಿದ ದಿಂಬು, ಏರ್ ಕೂಲರ್ ಇವುಗಳ ಸಂಗತಿಯನ್ನು ನಾವೇ ಹೇಳಬೇಕು. ಹಾಗೆಂದು ಎಲ್ಲ ಕೆಮ್ಮಿನ ಪಾಪವನ್ನೂ ಹಕ್ಕಿಯ ತಲೆಗೆ ಕಟ್ಟಿ ಕ್ಷಯದ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು. ಕಾಯಿಲೆ ಖಚಿತವಾದರೆ ಔಷಧಿಗಿಂತ ಮುಖ್ಯವಾದುದು ಮೂಲದಿಂದ ದೂರವಾಗುವುದು. ಹಕ್ಕಿಗಳು ಹೋದ ಮೇಲೂ ಅವುಗಳ ಪ್ರೋಟೀನ್ ತಿಂಗಳುಗಟ್ಟಲೆ ಪರದೆ, ಹಾಸಿಗೆ, ಕಾರ್ಪೆಟ್ಟುಗಳಲ್ಲಿ ಉಳಿದಿರುತ್ತದೆ. ಅವುಗಳನ್ನೂ ಒಗೆಯಬೇಕು ಅಥವಾ ಬದಲಿಸಬೇಕು.

ಬಲೆಯನ್ನು ಕಟ್ಟಿಸುವಾಗ ಸಂದು ಬಿಡದಂತೆ ನೋಡಿಕೊಳ್ಳಬೇಕು. ಒಳಹೊಕ್ಕ ಹಕ್ಕಿ ಹೊರಬರಲಾರದೆ ಅಲ್ಲಿಯೇ ಸಾಯುತ್ತದೆ. ಕಟ್ಟಿಸುವ ಮೊದಲು ಗೂಡಿದೆಯೇ ಎಂದು ನೋಡಬೇಕು. ಪಾರಿವಾಳ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು ಸುಮಾರು 18 ದಿನ ಕಾವು ಕೊಡುತ್ತದೆ. ವಿರಳವಾದ ಹಳದಿ ತುಪ್ಪಳದೊಂದಿಗೆ ಹುಟ್ಟುವ ಮರಿಗಳಿಗೆ ಗರಿ ಮೂಡಿ ಹಾರಿಹೋಗಲು ಮತ್ತೆ ನಾಲ್ಕೈದು ವಾರಗಳು ಬೇಕು. ಅಲ್ಲಿಯವರೆಗೆ ಆ ಕಡೆಯ ಕಿಟಕಿಯನ್ನು ಮುಚ್ಚಿಟ್ಟರೆ ಸಾಕು. ಮೊಟ್ಟೆ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಏಳು ವಾರ ಕಳೆದೊಡನೆ ಬಲೆಯವನನ್ನು ಕರೆಸಬೇಕು. ಜಾಗ ಒಗ್ಗಿದರೆ ಪಾರಿವಾಳ ಮುಂದಿನ ಮೊಟ್ಟೆಗಳನ್ನಿಡಲು ತಡಮಾಡುವುದಿಲ್ಲ.